ಸ್ಟೇಷನ್ನಿಗೆ ಕರದಾರ: ಬಾಯಿ ಬಿಡಬೇಕೋ, ಸುಮ್ಮನ ಇರಬೇಕೋ?

ಕಾಲುವೆ_ಕೊನೆ · ಸೋಮವಾರ ರಾತ್ರಿ 9:14

ಎಲ್ಲಾರಿಗೂ ನಮಸ್ಕಾರ್ರಿ. ಊರ ಹೆಸರು, ಮಿಲ್ಲಿನ ಹೆಸರು ಬ್ಯಾಡ. ಕೊಪ್ಪಳ ಜಿಲ್ಲೆ ಅಂತ ತಿಳಕೊಳ್ರಿ, ಸಾಕು.

ನಮ್ಮ ತಮ್ಮಗ 23 ವರ್ಷ. ರೈಸ್ ಮಿಲ್ಲಿನಾಗ ಗುಮಾಸ್ತ. ಲಾರಿ ಬಂತಂದ್ರ ಕಾಟಾ ಚೀಟಿ ನೋಡಿ ಬುಕ್ಕಿನಾಗ ಬರಕೊಳ್ಳಾದು, ಹಮಾಲರ ಲೆಕ್ಕ ಇಡಾದು, ಇಷ್ಟ ಅವನ ಕೆಲಸ. ಹೋದ ವಾರ ಸ್ಟಾಕ್ ಎಣಿಸಿದ್ರ 40 ಚೀಲ ನೆಲ್ಲು ಕಮ್ಮಿ ಬಂದೈತಿ. 75 ಕೆ.ಜಿ. ಚೀಲ, ಅಂದ್ರ 30 ಕ್ವಿಂಟಾಲ್. ಮಾಲಕ್ರು ಕಂಪ್ಲೇಂಟ್ ಕೊಟ್ಟಾರ.

ಇವತ್ತ ಮಧ್ಯಾಹ್ನ ಸ್ಟೇಷನ್ನಿಂದ ಫೋನ್ ಬಂತು. "ನಾಳೆ ಹತ್ತಕ್ಕ ಬಂದು ಹೋಗಪಾ, ಎರಡು ಮಾತು ಕೇಳೋದೈತಿ" ಅಂದ್ರಂತ. ಹಂಗ ಮಾತಾಡ್ತಾ ಆ ದಿನ ರಾತ್ರಿ ಕಡೇ ಲಾರಿ ಎಷ್ಟೊತ್ತಿಗೆ ಹೋತು ಅಂತ ಕೇಳ್ಯಾರ. ಇವ "ಒಂಬತ್ತರ ಸುಮಾರಿಗೆ ಇರಬೇಕ್ರಿ" ಅಂದುಬಿಟ್ಟಾನ. ಮನಿಗೆ ಬಂದು ಚೀಟಿ ತೆಗದು ನೋಡಿದ್ರ 11:40 ಐತಿ. ಆವಾಗಿಂದ ಊಟ ಬಿಟ್ಟು ಕುಂತಾನ.

ಅಪ್ಪ ಅಂತಾನ, ತಪ್ಪು ಮಾಡಿಲ್ಲಂದ್ಮ್ಯಾಲ ಹೆದರಿಕಿ ಯಾಕ, ಎಲ್ಲಾ ಹೇಳಿ ಬಾ. ನಮ್ಮ ಸೋದರಮಾವ ಅಂತಾನ, ಮಾತು ಆಡಿದ್ರ ಹೋತು ಮುತ್ತು ಒಡದ್ರ ಹೋತು, ತುಟಿ ಪಿಟಕ್ ಅನ್ನಬ್ಯಾಡ. ನಡುವ ನಾನು. ತಿಳದವರು ಹೇಳ್ರಿ.

ಬೆಂಗಳೂರ್_ವಲಸೆ · 9:31

ಬ್ರೋ, ಮಾವ ಹೇಳಿದ್ದೇ ಕರೆಕ್ಟ್. ಪೊಲೀಸರ ಹತ್ರ ಒಂದು ಮಾತೂ ಆಡಬಾರದು. ಇದರ ಮೇಲೆ ಅಮೆರಿಕದ ಲಾಯರ್‌ಗಳ ವಿಡಿಯೊ ಬೇಕಾದಷ್ಟಿದೆ. "ಮೌನವಾಗಿರೋ ಹಕ್ಕು ನನಗಿದೆ" ಅಂತ ಹೇಳಿ ಕೈ ಕಟ್ಟಿ ಕೂತ್ಕೊಳ್ಳೋದು, ಅಷ್ಟೆ.

ಹಟ್ಟಿ_ಹುಡುಗ · 9:36

ಹೌದ್ರಿ, ಕೈ ಕಟ್ಟಿ ಕೂಡ್ರು. ಅವರು ಚಹಾ ತರಿಸಿ ಕೊಟ್ಟು ಕಾರಿನಾಗ ಮನಿಗೆ ಬಿಟ್ಟು ಬರ್ತಾರ.

ಕರಿಕೋಟು · 10:02

ಕೋರ್ಟಿನಾಗ 14 ವರ್ಷ ಆತು ನಾನು. ವಿಡಿಯೊ ನೋಡಿ ಬಂದ ಕಕ್ಷಿದಾರರನ್ನ ಬಿಡಿಸೋದರೊಳಗ ಸಾಕಾಗೇತಿ, ಅದಕ್ಕ ಸ್ವಲ್ಪ ಉದ್ದ ಬರೀತೀನಿ.

ಅಮೆರಿಕದ ಆ ಸಾಲು 1966ರ ಮಿರಾಂಡಾ ತೀರ್ಪಿಂದ ಬಂದದ್ದು. ಅಲ್ಲಿಯ ಪೊಲೀಸರು ಕಸ್ಟಡಿಯೊಳಗ ಪ್ರಶ್ನೆ ಕೇಳೋ ಮುಂಚೆ ಅದನ್ನ ಹೇಳಬೇಕು. ನಮ್ಮ ಕಾನೂನಿನ ದಾರಿ ಬ್ಯಾರೆ. ಸಂವಿಧಾನದ 20(3)ನೇ ವಿಧಿ ಏನಂತದ ಅಂದ್ರ, ಆರೋಪ ಹೊತ್ತವನನ್ನ ತನ್ನ ವಿರುದ್ಧ ತಾನೇ ಸಾಕ್ಷಿ ಹೇಳು ಅಂತ ಬಲವಂತ ಮಾಡಂಗಿಲ್ಲ. ಮೊದಲು ಓದೋ ಶಬ್ದ ಯಾವುದು? "ಆರೋಪ ಹೊತ್ತವನು".

ನಿಮ್ಮ ತಮ್ಮ ಸದ್ಯಕ್ಕ ಆರೋಪಿ ಅಲ್ಲ, ವಿಷಯ ಗೊತ್ತಿರಬಹುದಾದ ಒಬ್ಬ ಮನುಷ್ಯ ಅಷ್ಟ. ಅಂಥವರನ್ನ ಕೇಳೋದು ನಾಗರಿಕ ಸುರಕ್ಷಾ ಸಂಹಿತೆಯ 180ನೇ ಕಲಂ ಅಡಿ. 2024ರ ಜುಲೈ 1ಕ್ಕ ಮುಂಚೆ ಇದು ಹಳೇ ದಂಡ ಪ್ರಕ್ರಿಯಾ ಸಂಹಿತೆ, ಅಂದ್ರ ಸಿಆರ್‌ಪಿಸಿಯ 161 ಇತ್ತು, ಹಳೇ ಪೊಲೀಸರ ಬಾಯಾಗ ಈಗಲೂ "ಒನ್ ಸಿಕ್ಸ್ಟಿ ಒನ್" ಅಂತನ ಬರ್ತದ. ಅಲ್ಲಿ ಸಾಕ್ಷಿದಾರ ಕೇಳಿದ್ದಕ್ಕೆಲ್ಲ ಖರೇ ಉತ್ತರ ಕೊಡಬೇಕು. ಒಂದ ಒಂದು ಬಾಗಿಲು ಬಿಟ್ಟಾರ: ಯಾವ ಉತ್ತರ ನಿಮ್ಮನ್ನೇ ಕೇಸಿನೊಳಗ ಎಳೀಬಹುದೋ ಆ ಉತ್ತರ ಕೊಡಬೇಕಂತಿಲ್ಲ. ಅಂದ್ರ ಮೌನ ಪ್ರಶ್ನೆಯಿಂದ ಪ್ರಶ್ನೆಗೆ ಬದಲಾಗೋ ಮಾತು. ಒಂದ ಸಲ ಹೊದ್ದುಕೊಂಡು ಕೂಡೋ ಕಂಬಳಿ ಅಲ್ಲ.

ಈ ಬಾಗಿಲಿನ ಅಗಲ ಎಷ್ಟು ಅನ್ನೋದನ್ನ 1978ರಾಗ ನಂದಿನಿ ಸತ್ಪತಿ ಕೇಸಿನೊಳಗ ಸುಪ್ರೀಂ ಕೋರ್ಟ್ ಹೇಳೇತಿ. ಆಕಿ ಒಡಿಶಾದ ಮುಖ್ಯಮಂತ್ರಿ ಆಗಿದ್ದಾಕಿ. ಪೊಲೀಸರು ಬರಹದಾಗ ಪ್ರಶ್ನೆ ಪಟ್ಟಿ ಕೊಟ್ರು, ಆಕಿ ಉತ್ತರ ಕೊಡಂಗಿಲ್ಲ ಅಂದ್ಲು, ಅದಕ್ಕ ಆಕಿ ಮ್ಯಾಲ ಕೇಸು ಮಾಡಿದ್ರು. ನ್ಯಾಯಮೂರ್ತಿ ಕೃಷ್ಣ ಅಯ್ಯರ್ ಅವರ ಪೀಠ, 20(3)ರ ರಕ್ಷಣೆ ಕೋರ್ಟಿನ ಕಟಕಟೆಗಷ್ಟೇ ಅಲ್ಲ, ಪೊಲೀಸ್ ವಿಚಾರಣೆಗೂ ಐತಿ ಅಂತು. ಹಂಗಂತ ಎಲ್ಲಾ ಪ್ರಶ್ನೆಗೂ ಬಾಯಿ ಮುಚ್ಚಬಹುದು ಅನ್ನಲಿಲ್ಲ.

ನಾಳೆ ಮೊದಲ ಮಾತು ಇದಿರಲಿ: "ಸರ, ನನ್ನ ಯಾವ ಲೆಕ್ಕದಾಗ ಕರದೀರಿ, ಸಾಕ್ಷಿ ಅಂತೋ ಆರೋಪಿ ಅಂತೋ?" ಸಾಕ್ಷಿ ಅಂದ್ರ 179ರ ನೋಟಿಸು. ಆರೋಪಿ ಅಂದ್ರ 35(3)ರ ನೋಟಿಸು. ಎರಡೂ ಬರಹದಾಗ ಇರಬೇಕು. 35(3) ಅಂದ್ರ ಗಾಬರಿ ಆಗಬ್ಯಾಡ್ರಿ. ಅದಕ್ಕ ತಕ್ಕಂಗ ನಡಕೊಂಡ್ರ ಬಂಧನ ಮಾಡಂಗಿಲ್ಲ, ಮಾಡಲೇಬೇಕು ಅಂದ್ರ ಕಾರಣ ಬರದಿಡಬೇಕು. ಆದ್ರ ಅದು ಕೈಗೆ ಬಂತಂದ್ರ ಅಲ್ಲಿಂದ ಮುಂದ ವಕೀಲರನ್ನ ಕೇಳದ ಮಾತಾಡಬ್ಯಾಡ್ರಿ.

ರಿಟೈರ್ಡ್_ಹೆಡ್ಡು · 10:40

ವಕೀಲ್ರು ಕಾನೂನು ಹೇಳ್ಯಾರ. ನಾನು ಟೇಬಲ್ಲಿನ ಈ ಕಡಿ ಕುಂತು ಎಷ್ಟೋ ವರ್ಷ ಹೇಳಿಕೆ ಬರದವ. ಅಲ್ಲಿಂದ ಕಂಡದ್ದು ಹೇಳ್ತೀನಿ.

ಮಂದಿ ಸುಳ್ಳು ಹೇಳಿ ಸಿಗೋದು ಕಮ್ಮಿ ತಮ್ಮಾ. ಅಂದಾಜು ಹೇಳಿ ಸಿಗತಾರ. ನಿಮ್ಮ ಹುಡುಗನ್ನ ನೋಡ್ರಿ. ಗೊತ್ತಿಲ್ಲ ಅಂದ್ರ ಸಾಹೇಬ್ರು ಏನಂತಾರೋ ಅನ್ನೋ ಹೆದರಿಕಿಗೆ ಒಂಬತ್ತು ಅಂದಾನ. ಒಂಬತ್ತು ಯಾಕ? ದಿನಾಲೂ ಅಷ್ಟೊತ್ತಿಗೆ ಮನಿಗೆ ಹೋಗತಿರಬೇಕು. ಹೌದಲ್ಲ?

ಹೇಳಿಕೆ ಹೆಂಗ ತಯಾರಾಕ್ಕೈತಿ ಗೊತ್ತೇನು? ನೀವು ಮಾತಾಡತೀರಿ, ಬರಿಯಾವ ತನ್ನ ಭಾಷಾದಾಗ ಬರಿತಾನ. "ನನ್ನನ್ನು ವಿಚಾರಿಸಲಾಗಿ ಹೇಳುವುದೇನೆಂದರೆ" ಅಂತ ಸುರು ಆಕ್ಕೈತಿ. ನೀವು "ಒಂಬತ್ತರ ಸುಮಾರಿಗೆ ಇರಬೇಕ್ರಿ, ನನಗ ಪಕ್ಕಾ ನೆನಪಿಲ್ಲ" ಅಂದ್ರ, ಕಾಗದದ ಮ್ಯಾಲ "ಸದರಿ ಲಾರಿಯು ರಾತ್ರಿ ಸುಮಾರು 9-00 ಗಂಟೆಗೆ ಹೋಯಿತು" ಅಂತ ಆಕ್ಕೈತಿ. "ಸುಮಾರು" ಉಳಿತೈತಿ. ಅದು ನಮ್ಮ ಬರವಣಿಗಿ ರೂಢಿ, ತಾಸಿನ ಮುಂದ ಅದಿಲ್ಲದ ಪೆನ್ನ ಓಡಂಗಿಲ್ಲ. "ಇರಬೇಕು" ಉಳಿಯಂಗಿಲ್ಲ, "ನೆನಪಿಲ್ಲ" ಮೊದಲ ಉಳಿಯಂಗಿಲ್ಲ. ಮೋಸ ಮಾಡಬೇಕಂತ ಯಾರೂ ಮಾಡಂಗಿಲ್ಲ, ಒಂದ ದಿನಕ್ಕ ಹತ್ತು ಹೇಳಿಕೆ ಬರಿಬೇಕಾದ್ರ ಕೈ ಹಂಗ ಓಡತೈತಿ. ಆಮ್ಯಾಲ ಕಾಟಾ ಚೀಟಿ 11:40 ಅಂತೈತಿ. ಸಾಹೇಬ್ರು ಎರಡೂ ಬಾಜೂಬಾಜೂ ಇಟ್ಟು ನೋಡಿದ್ರ ಈ ಎರಡು ತಾಸು ನಲವತ್ತು ನಿಮಿಷ ಹುಡುಗ ಏನ್ ಮುಚ್ಚಿಡಕತ್ತಾನ ಅಂತ ಕಾಣತೈತಿ.

ಪರಿಹಾರ ಸರಳ ಐತಿ. ಅವರು ಕೇಳೋ ಮುಂಚೆ ಇವನ ಹೇಳಬೇಕು: "ನಿನ್ನೆ ಫೋನಿನಾಗ ಅಂದಾಜಿಗೆ ಒಂಬತ್ತು ಅಂದಿದ್ದೆ ಸರ, ಮನಿಗೆ ಹೋಗಿ ಚೀಟಿ ನೋಡಿದೆ, 11:40 ಐತಿ, ಇಲ್ಲೈತಿ ನೋಡ್ರಿ." ಮುಗೀತು. ತಾನ ತಿದ್ದಿಕೊಂಡವನ ಮ್ಯಾಲ ನಮಗ ಅನುಮಾನ ಕಮ್ಮಿ ಬರ್ತಿತ್ತು.

ಇನ್ನೊಂದು. ಕಡೀಕ ಒಂದು ಪ್ರಶ್ನೆ ಬಂದ ಬರತೈತಿ, ಅಗದೀ ಪ್ರೀತಿಯಿಂದ: "ನಿನಗ ಯಾರ ಮ್ಯಾಲ ಅನುಮಾನ ಐತಿ?" ಅಲ್ಲಿ ಹುಷಾರು.

ಚೀಲ_ಹೊತ್ತವನ_ಮಗ · 10:58

ಹೆಡ್ ಸಾಹೇಬ್ರು ಕಡೀಕ ಹೇಳಿದ ಮಾತಿಗೆ ನಾ ಬರಿಲಾಕ ಬಂದೆ.

ನಾವು ರಾಯಚೂರು ಜಿಲ್ಲೆಯವರು. ನಮ್ಮಪ್ಪ ಹಮಾಲಿ. ನಾನು ಎಂಟನೇತ್ತ ಇದ್ದಾಗ ಒಂದು ಗೋದಾಮಿನಾಗ ತೂಕ ಕಮ್ಮಿ ಬಂತು. ಅಲ್ಲೀ ಗುಮಾಸ್ತಗ ಇದ ಪ್ರಶ್ನೆ ಕೇಳ್ಯಾರ. ಅವ "ಹಮಾಲರ ಕೆಲಸ ಇರಬಹುದ್ರಿ" ಅಂದ. ಅವಗ ಏನೂ ಗೊತ್ತಿರಲಿಲ್ಲ. ತನ್ನ ಮ್ಯಾಲಿನ ಕಣ್ಣು ಸರಿಲಿ ಅಂತ ಅಂದ. ನಮ್ಮಪ್ಪ ಮತ್ತ ಇನ್ನ ಮೂವರು ನಾಕು ದಿನ ಸ್ಟೇಷನ್ ಕಟ್ಟಿಗೆ ಕುಂತ್ರು. ಯಾರೂ ಕೈ ಮಾಡಲಿಲ್ಲ, ಖರೇ ಹೇಳಬೇಕಂದ್ರ ಯಾರೂ ಹೆಚ್ಚು ಮಾತಾಡಸಲೂ ಇಲ್ಲ. ಮುಂಜಾನೆ ಬಾ, ಕುಂದ್ರು, ಸಂಜಿಗೆ ಹೋಗು. ನಾಕು ದಿನದ ಪಗಾರ ಹೋತು. ಓಣ್ಯಾಗಿನ ಮಾತು ಬ್ಯಾರೆ.

ಆಮ್ಯಾಲ ತಿಳೀತು, ಹಸಿ ನೆಲ್ಲು ತುಂಬಿದ್ರು, ಒಣಗಿ ತೂಕ ಇಳದಿತ್ತು. ಆ ಗುಮಾಸ್ತ ಈಗಲೂ ಸಂತ್ಯಾಗ ಸಿಗತಾನ, "ಆರಾಮಿದ್ದೀಯೇನೋ" ಅಂತಾನ.

ಕಾಲುವೆ_ಕೊನೆ · 11:05

ಇದನ್ನ ತಮ್ಮಗ ಓದಿ ತೋರಿಸಿದೆ. ಸುಮ್ಮನಾದ. ಅವನ ಮನಸಿನಾಗ ಒಬ್ಬ ಡ್ರೈವರ್ ಹೆಸರು ಇತ್ತಂತ. ನೋಡಿಯೇನು ಅಂದೆ. ಇಲ್ಲ ಅಂದ. ಮತ್ತ್ಯಾಕ ಅನುಮಾನ ಅಂದೆ. "ಅವ ಭಾಳ ಕುಡಿತಾನ" ಅಂದ.

ರಿಟೈರ್ಡ್_ಹೆಡ್ಡು · 11:09

ಕುಡಿಯೋದಕ್ಕೂ 40 ಚೀಲಕ್ಕೂ ಏನ್ ಸಂಬಂಧ. ಕಂಡದ್ದು ಕಂಡೆ ಅನ್ನು, ಕೇಳಿದ್ದು ಕೇಳಿದೆ ಅನ್ನು, ಉಳದದ್ದಕ್ಕ ಗೊತ್ತಿಲ್ಲ ಅನ್ನು.

ಮಿರ್ಚಿ_ಮಂಡಕ್ಕಿ · 11:15

ಬಳ್ಳಾರಿಯಿಂದ. ವಕೀಲ್ರೇ, ಸೈನ್ ಮಾಡು ಅಂದ್ರೆ ಮಾಡ್ಬೇಕಾ? ನಮ್ಮ ಮಾವನ ಮಗ ಒಮ್ಮೆ ಖಾಲಿ ಹಾಳೆ ಮೇಲೆ ಸೈನ್ ಹಾಕಿ ಬಂದಿದ್ದ. ಏನೂ ಆಗ್ಲಿಲ್ಲ ಅನ್ರಿ, ಆದ್ರೆ ಆರು ತಿಂಗಳು ನಿದ್ದೆ ಮಾಡ್ಲಿಲ್ಲ ಅವನು.

ಕರಿಕೋಟು · 11:27

180ರ ಅಡಿ ಬರಕೊಂಡ ಹೇಳಿಕೆಗೆ ಸಾಕ್ಷಿದಾರನ ಸಹಿ ತಗೊಳ್ಳೋ ಹಂಗ ಇಲ್ಲ. 181ನೇ ಕಲಂ ಸ್ವಚ್ಛ ಹೇಳ್ತದ. ಸಹಿ ಇಲ್ಲದ ಹೇಳಿಕೆ ಅಂದ್ರ ಅರ್ಧಂಬರ್ಧ ಹೇಳಿಕೆ ಅಂತ ನಮ್ಮ ಮಂದಿ ತಿಳಕೊಂಡಾರ, ಕಾನೂನೇ ಹಂಗ ಇಟ್ಟದ. ಆ ಹೇಳಿಕೆಯನ್ನ ಸಾಕ್ಷ್ಯ ಅಂತ ಕೋರ್ಟಿನಾಗ ಹಾಜರು ಮಾಡಾಕ ಬರಂಗಿಲ್ಲ. ಮುಂದ ಅದೇ ಸಾಕ್ಷಿ ಕಟಕಟೆಯೊಳಗ ಬ್ಯಾರೆ ಹೇಳಿದ್ರ, ಅಂದು ಹಿಂಗ ಹೇಳಿದ್ದಿ ಅಂತ ಕೆದಕೋದಕ್ಕ ಬರ್ತದ.

ಸಹಿ ಮಾಡೋವು ಬ್ಯಾರೆ ಅದಾವ. ನೋಟಿಸು ಮುಟ್ಟೇತಿ ಅನ್ನೋದಕ್ಕ, ಪಂಚನಾಮೆಗೆ ಪಂಚರಾಗಿ ಇದ್ರ ಅದಕ್ಕ, ಬಂಧನ ಆದ್ರ ಬಂಧನ ಮೆಮೊಕ್ಕ. ಖಾಲಿ ಹಾಳಿಗೆ ಯಾವತ್ತೂ ಇಲ್ಲ, ಯಾರ ಮುಂದೂ ಇಲ್ಲ, ಬ್ಯಾಂಕಿನಾಗೂ ಇಲ್ಲ.

ಹಟ್ಟಿ_ಹುಡುಗ · 11:33

ಮೇಡಂ, ನಿಮ್ಮ ಕಲಂ ಎಲ್ಲಾ ಖರೇ. ಪಿಎಸ್‌ಐ ಮುಂದ ನಿಂತು "181ರ ಪ್ರಕಾರ ಸಹಿ ಇಲ್ಲ" ಅಂದ್ರ ಕಪಾಳಕ್ಕ ಬೀಳತೈತಿ, ಅದಕ್ಕ ಯಾವ ಕಲಂ?

ಕರಿಕೋಟು · 11:52

ಅದಕ್ಕೂ ಐತಿ, ಆದ್ರ ನಿಮ್ಮ ಸಿಟ್ಟು ಸುಳ್ಳಲ್ಲ.

ಮೊದಲು ಧಾಟಿ. ಕಲಂ ನಂಬರ್ ಬಾಯಾಗ ಬರಬಾರದು. "ಸರ, ಸಹಿ ಬೇಕಾಗಂಗಿಲ್ಲ ಅಂತ ನಮ್ಮ ವಕೀಲ್ರು ಹೇಳ್ಯಾರ, ಒಂದ ಮಾತು ಅವರಿಗೆ ಫೋನ್ ಹಚ್ಚಲೇನ್ರಿ?" ಅಂದ್ರ ಸಾಕು. ಸಿಟ್ಟು ನನ್ನ ಮ್ಯಾಲ ಬರಲಿ, ಹುಡುಗನ ಮ್ಯಾಲ ಬ್ಯಾಡ.

ಎರಡನೇದು, ಒಬ್ಬಾವನ್ನ ಕಳಸಬ್ಯಾಡ್ರಿ. ಜೋಡಿ ಹೋದವರು ಹೊರಗ ಕಟ್ಟಿ ಮ್ಯಾಲ ಕುಂತು, ಒಳಗ ಹೋದ ವೇಳೆ, ಬಂದ ವೇಳೆ ಬರಕೊಳ್ರಿ. ಬಂಧನ ಅಂತ ಆದ್ರ ಪ್ರಯಾಣದ ಹೊತ್ತು ಬಿಟ್ಟು 24 ತಾಸಿನೊಳಗ ಮ್ಯಾಜಿಸ್ಟ್ರೇಟರ ಮುಂದ ನಿಲ್ಲಿಸಬೇಕು. ಕಾರಣ ಹೇಳಬೇಕು, ಮನಿಯವರಿಗೆ ತಿಳಸಬೇಕು, ವೈದ್ಯಕೀಯ ತಪಾಸಣೆ ಆಗಬೇಕು. 24 ತಾಸು, ಕಾರಣ ಹೇಳೋದು ಸಂವಿಧಾನದ 22ನೇ ವಿಧಿಯೊಳಗನ ಅದಾವ; ಮನಿಯವರಿಗೆ ತಿಳಸೋದು, ತಪಾಸಣೆ ಸುಪ್ರೀಂ ಕೋರ್ಟಿನ ಡಿ.ಕೆ. ಬಸು ಕೇಸಿಂದ ಬಂದ ನಿಯಮಗಳು, ಈಗ ಸಂಹಿತೆಯೊಳಗೂ ಅದಾವ. ಠಾಣೆಯೊಳಗ ಸಿಸಿ ಕ್ಯಾಮೆರಾ ಇರಬೇಕು ಅಂತ 2020ರಾಗ ಸುಪ್ರೀಂ ಕೋರ್ಟ್ ಹೇಳೇತಿ. ಮ್ಯಾಜಿಸ್ಟ್ರೇಟರು "ಹೊಡದಾರೇನು?" ಅಂತ ಕೇಳಿದಾಗ ನಮ್ಮ ಹುಡುಗ್ರು ಪೊಲೀಸರ ಮುಖ ನೋಡಿ "ಇಲ್ರಿ" ಅಂತಾರ. ಆಗ ಹೇಳಬೇಕಾದ ಮಾತು ಅದೊಂದ, ಅದನ್ನ ನುಂಗಿ ಹೊರಗ ಬಂದು ನಮ್ಮ ಮುಂದ ಅಳತಾರ.

ವಕೀಲರಿಗೆ ರೊಕ್ಕ ಇಲ್ಲ ಅಂದ್ರ 15100ಕ್ಕ ಫೋನ್ ಹಚ್ರಿ, ಕಾನೂನು ಸೇವಾ ಪ್ರಾಧಿಕಾರದ ನಂಬರ್.

ಮೂರನೇದು. ಹೊಡದು ತಪ್ಪೊಪ್ಪಿಗೆ ಹೇಳಿಸಿದ್ರೂ ಅದು ಕಾಗದ ಅಷ್ಟ. ಪೊಲೀಸರ ಮುಂದಿನ ತಪ್ಪೊಪ್ಪಿಗೆ ಆರೋಪಿ ವಿರುದ್ಧ ನಡಿಯಂಗಿಲ್ಲ, ಹೊಸ ಸಾಕ್ಷ್ಯ ಅಧಿನಿಯಮದ 23ನೇ ಕಲಂ. ಒಂದು ಸಂದು ಐತಿ: ಕಸ್ಟಡಿಯೊಳಗಿದ್ದವ "ಚೀಲ ಇಂಥಲ್ಲಿ ಇಟ್ಟೀನಿ" ಅಂತ ಹೇಳಿ, ಅದರಿಂದ ಅಲ್ಲಿ ಚೀಲ ಸಿಕ್ಕರ, ಆ ಮಾತಿನಷ್ಟು ಭಾಗ ಸಾಕ್ಷ್ಯಕ್ಕ ಬರ್ತದ. ನಮ್ಮ ಕಡೆ ಕಳವಿನ ಕೇಸು ಗೆಲ್ಲೋದೂ ಸೋಲೋದೂ ಬಹಳ ಮಟ್ಟಿಗೆ ಆ ಸಂದಿನಾಗ.

ಬೆಂಗಳೂರ್_ವಲಸೆ · ಮಂಗಳವಾರ 12:04

ಸರಿ, ನನ್ನ ಕಾಮೆಂಟ್ ವಾಪಸ್. ಆದ್ರೆ ಸುಳ್ಳು ಪತ್ತೆ ಯಂತ್ರ, ಮಂಪರು ಪರೀಕ್ಷೆ ಅಂತಾರಲ್ಲ, ಅದಕ್ಕಾದ್ರೂ ಬೇಡ ಅನ್ನಬಹುದಾ?

ಕರಿಕೋಟು · 12:10

ಅನ್ನಬಹುದು. 2010ರ ಸೆಲ್ವಿ ತೀರ್ಪು, ಅದರಾಗ ಎದುರುದಾರ ನಮ್ಮ ಕರ್ನಾಟಕ ಸರ್ಕಾರನ. ಒಪ್ಪಿಗೆ ಇಲ್ಲದ ಮಾಡಂಗಿಲ್ಲ. ಬೆರಳಚ್ಚು, ಕೈಬರಹದ ಮಾದರಿಗೆ ಮಾತ್ರ ಈ ರಕ್ಷಣೆ ಇಲ್ಲ, ಅದು 1961ರಿಂದಲೂ ಹಂಗ. ಮಲಗ್ರಿ ಇನ್ನ.

ಅಂಗನವಾಡಿ_ಅಕ್ಕ · ಬೆಳಗ್ಗೆ 6:20

ರೊಟ್ಟಿ ಬಡಿಯೋ ಮುಂಚೆ ಒಂದು ಮಾತು. ಹೋದ ವರ್ಷ ಬಾಜೂಮನಿ ಜಗಳಕ್ಕ ನನ್ನ ಸಾಕ್ಷಿ ಅಂತ ಸ್ಟೇಷನ್ನಿಗೆ ಕರದ್ರು. ಹೆಣ್ಮಕ್ಕಳನ್ನ ಸಾಕ್ಷಿ ಕೇಳಬೇಕಂದ್ರ ಅವರಿರೋ ಕಡೆನ ಬಂದು ಕೇಳಬೇಕು ಅಂತ ತರಬೇತಿಯೊಳಗ ಹೇಳಿದ್ರು ನಮಗ. "ಕೇಂದ್ರ ಮುಗಿದ ಮ್ಯಾಲ ನಾಕಕ್ಕ ಮನ್ಯಾಗ ಇರ್ತೀನ್ರಿ, ಬರ್ರಿ" ಅಂದೆ. ಬಂದ್ರು, ಚಹಾ ಕುಡುದು, ಬರಕೊಂಡು ಹೋದ್ರು. ಕೇಳೋತನಕ ಯಾರೂ ಹೇಳಂಗಿಲ್ಲ.

ಕರಿಕೋಟು · 7:45

ಅಕ್ಕಾರು ಹೇಳಿದ್ದು 179ರ ಮಾತು. 15ರ ಒಳಗಿನ ಹುಡುಗ್ರಿಗೆ, 60 ದಾಟಿದ ಗಂಡಸರಿಗೆ, ಅಂಗವಿಕಲರಿಗೆ, ಜಡ್ಡಿನವರಿಗೂ ಅದ. ಮೊದಲು 65 ಇತ್ತು, ಈಗ 60.

ಮಿರ್ಚಿ_ಮಂಡಕ್ಕಿ · 8:02

ಇಲ್ಲಿಗೆ ಹೊಂದುತ್ತೋ ಇಲ್ಲೋ, ಕೇಳೇಬಿಡ್ತೀನಿ. ಕುಷ್ಟಗಿ ಹತ್ರ 50ರ ಹೈವೇದಾಗ ಬೈಕ್ ಬಿದ್ದಿತ್ತು, ನಾನು ನಿಲ್ಲಿಸ್ದೆ ಬಂದೆ. ಸಾಕ್ಷಿ ಅಂತ ವರ್ಷಗಟ್ಟಲೆ ಓಡಾಡಿಸ್ತಾರೆ ಅನ್ನೋ ಭಯಕ್ಕೆ. ಇವತ್ತಿಗೂ ಚುಚ್ಚುತ್ತೆ.

ರಿಟೈರ್ಡ್_ಹೆಡ್ಡು · 8:30

ಆ ಭಯ ಈಗ ಬ್ಯಾಡ. ಮೋಟಾರು ವಾಹನ ಕಾಯ್ದೆಗೆ 2019ರಾಗ 134ಎ ಸೇರಿಸ್ಯಾರ. ಗಾಯಾಳುನ ಎತ್ತಿ ದವಾಖಾನಿಗೆ ಮುಟ್ಟಿಸಿದವ ತನ್ನ ಹೆಸರು ಹೇಳಲೇಬೇಕಂತಿಲ್ಲ. ಸಾಕ್ಷಿ ಹೇಳೋದು ಬಿಡೋದು ಅವನ ಮನಸು. ಮುಂದಿನ ಸಲ ನಿಲ್ಲಸ್ರಿ.

ಸಿಂಧನೂರ್_ಸೋನಾ · 8:41

ನನಗ ವಾಟ್ಸಾಪಿನಾಗ ನೋಟಿಸು ಬಂದೈತಿ, ಸೀಲು ಗೀಲು ಎಲ್ಲಾ ಐತಿ. ವಿಡಿಯೊ ಕಾಲಿನಾಗ ಹಾಜರಾಗು, ಇಲ್ಲಂದ್ರ ಡಿಜಿಟಲ್ ಅರೆಸ್ಟ್ ಅಂತಾರ. ಇದಕ್ಕೂ ಬಾಯಿ ಮುಚ್ಚಬೇಕೇನು?

ಕರಿಕೋಟು · 8:44

ಬಾಯಿ ಅಷ್ಟ ಅಲ್ಲ, ಫೋನೂ ಮುಚ್ರಿ! ಡಿಜಿಟಲ್ ಅರೆಸ್ಟ್ ಅನ್ನೋದು ಯಾವ ಕಾನೂನಿನಾಗೂ ಇಲ್ಲ. ಕಳ್ಳರು ಅವರು. ರೊಕ್ಕ ಹಾಕಿದ್ರ ಈಗಿಂದೀಗ 1930ಕ್ಕ ಹಚ್ರಿ. ಖರೇ ಪೊಲೀಸರೂ 35ರ ನೋಟಿಸನ್ನ ವಾಟ್ಸಾಪಿನಾಗ ಕೊಡಂಗಿಲ್ಲ ಅಂತ 2025ರ ಜನವರಿಯೊಳಗ ಸುಪ್ರೀಂ ಕೋರ್ಟ್ ಹೇಳೇತಿ.

ಕಾಲುವೆ_ಕೊನೆ · ಮಂಗಳವಾರ ಸಂಜೆ 6:50

ಹೋಗಿ ಬಂದ್ವಿ. ಆದದ್ದು ಆದಂಗ ಬರೀತೀನಿ.

ಯಾವ ಲೆಕ್ಕದಾಗ ಕರದೀರಿ ಅಂತ ತಮ್ಮ ಕೇಳಿದ. ಪಿಎಸ್‌ಐ ಒಂದು ಗಳಿಗಿ ಅವನ ಮುಖಾನ ನೋಡಿದ್ರಂತ. "ಸಾಕ್ಷಿ ಅಂತ" ಅಂದ್ರು. ನೋಟಿಸು ಬರಹದಾಗ ಕೊಡ್ರಿ ಅಂದಾಗ ರೈಟರ್ ಕಪಾಟು ಹುಡುಕಿ ಫಾರಂ ತೆಗಿಲಾಕ ಇಪ್ಪತ್ತು ನಿಮಿಷ. ನಾನೂ ಮಾವನೂ ಹೊರಗ ಬೇವಿನ ಗಿಡದ ನೆಳ್ಳಿಗೆ. 10:25ಕ್ಕ ಒಳಗ, 1:10ಕ್ಕ ಹೊರಗ. ಚೀಟಿ ಮ್ಯಾಲ ಬರಕೊಂಡೀನಿ.

11:40ರ ಮಾತು ಇವನ ಮೊದಲ ಹೇಳ್ಯಾನ. ಪಿಎಸ್‌ಐ ಚೀಟಿ ಬೆಳಕಿಗೆ ಹಿಡಿದು ನೋಡಿ "ಮತ್ತ ನಿನ್ನೆ ಯಾಕ ಹಂಗಂದಿ" ಅಂದ್ರು. "ಹೆದರಿದ್ದೆ ಸರ" ಅಂದ. ಅವರು ನಕ್ಕರಂತ.

ಯಾರ ಮ್ಯಾಲ ಅನುಮಾನ ಅನ್ನೋದನ್ನ ಹೆಡ್ ಸಾಹೇಬ್ರು ಹೇಳಿದಂಗನ ಕೇಳ್ಯಾರ. ಒಮ್ಮೆ ಅಲ್ಲ, ನಾಕು ಸಲ. ನಾಕನೇ ಸಲ ಡ್ರೈವರ್ ಹೆಸರು ಅವರ ಹೇಳಿ, "ಅವ ಹೆಂಗ?" ಅಂದ್ರಂತ. ತಮ್ಮ "ಲಾರಿ ಹೊಡಿತಾನ್ರಿ, ಅದಕ್ಕಿಂತ ಹೆಚ್ಚು ನನಗ ಗೊತ್ತಿಲ್ಲ" ಅಂದ. ಹೊರಗ ಬಂದಾಗ ಅಂಗಿ ಬೆನ್ನಿಗೆ ಅಂಟಿತ್ತು.

ಸಹಿ ಕೇಳಿದ್ರು. ವಕೀಲ್ರಿಗೆ ಫೋನ್ ಹಚ್ಚಲೇನು ಅಂದ ಕೂಡಲೇ "ಬಿಡು" ಅಂದ್ರು.

ಆದ್ರ ಮೊಬೈಲ್ ಇಟ್ಕೊಂಡಾರ. "ಎರಡು ದಿನ ಬಿಟ್ಟು ಬಾ" ಅಂತ. ಕಾಗದ ಏನೂ ಕೊಟ್ಟಿಲ್ಲ. ಪಾಸ್‌ವರ್ಡೂ ಹೇಳಿ ಬಂದಾನ.

ಕರಿಕೋಟು · 7:15

ಎಲ್ಲಾ ಚಲೋ ಮಾಡಿ ಕಡೀಕ ಫೋನ್ ಕೊಟ್ಟು ಬಂದಾನಲ್ಲ! ಮೊಬೈಲ್ ತಗೊಂಡ್ರ ಜಪ್ತಿ ಪಟ್ಟಿ ಆಗಬೇಕು, ಅದರ ವಿಡಿಯೊ ಆಗಬೇಕು. "ಇಟ್ಟು ಹೋಗು" ಅನ್ನೋ ಪದ್ಧತಿ ಯಾವ ಪುಸ್ತಕದಾಗೂ ಇಲ್ಲ. ಪಾಸ್‌ವರ್ಡ್ ವಿಷಯ ಬಿಗಿ ಐತಿ. ಅದನ್ನ ಹೇಳೋದು ತನ್ನ ವಿರುದ್ಧ ತಾನೇ ಸಾಕ್ಷಿ ಹೇಳಿದಂಗ ಅಲ್ಲ ಅಂತ 2021ರಾಗ ನಮ್ಮ ಹೈಕೋರ್ಟ್ ಅಂದೈತಿ. ಆದ್ರ ಫೋನ್ ಜಾಲಾಡೋದಕ್ಕ ಒಂದು ಪದ್ಧತಿ ಇರಬೇಕು ಅಂತನೂ ಅದ ತೀರ್ಪು ಹೇಳ್ತದ. ನಾಳೆ ಒಂದು ಅರ್ಜಿ ಬರದುಕೊಡ್ತೀನಿ, ಜಪ್ತಿ ಪಟ್ಟಿ ಪ್ರತಿ ಕೊಡ್ರಿ ಅಂತ. ಎಫ್‌ಐಆರ್ ಪ್ರತಿಯನ್ನ ಪೊಲೀಸ್ ವೆಬ್‌ಸೈಟಿನಾಗ ಇಳಿಸಿಕೊಂಡು ಬರ್ರಿ.

ಚೀಲ_ಹೊತ್ತವನ_ಮಗ · 7:22

ಆ ಡ್ರೈವರ್‌ಗೆ ಇದು ಯಾವತ್ತೂ ಗೊತ್ತಾಗಂಗಿಲ್ಲ. ನಿಮ್ಮ ತಮ್ಮಗ ನನ್ನ ಕಡಿಂದ ಶರಣು ಹೇಳ್ರಿ.

ಕಾಲುವೆ_ಕೊನೆ · ರಾತ್ರಿ 10:48

[ಈ ಬರಹವನ್ನು ಬರೆದವರೇ ತೆಗೆದಿದ್ದಾರೆ]

ಕರಿಕೋಟು · 10:50

ಕಾಲುವೆ_ಕೊನೆ ಅವ್ರ, ಈಗ ಬರದಿದ್ದನ್ನ ತಟ್ಟನ ಅಳಸ್ರಿ. ಬುಕ್ಕಿನಾಗ ಏನೈತಿ, ಏನಿಲ್ಲ ಅನ್ನೋದನ್ನ ಇಲ್ಲಿ ಸಾವಿರ ಮಂದಿ ಮುಂದ ಹೇಳೋದಲ್ಲ. ಬೆಳಗ್ಗೆ ಒಂಬತ್ತಕ್ಕ ತಮ್ಮನ್ನ ಕರಕೊಂಡು ಆಫೀಸಿಗೆ ಬರ್ರಿ. ಬುಕ್ಕು ಮುಟ್ಟಬ್ಯಾಡ್ರಿ, ಒಂದು ಅಕ್ಷರ ಸೇರಸಬ್ಯಾಡ್ರಿ.

ಮಿರ್ಚಿ_ಮಂಡಕ್ಕಿ · 10:57

ಏನ್ ಬರ್ದಿದ್ರು? ನಾನು ನೋಡೋದ್ರೊಳಗೆ ಹೋಗಿತ್ತು.

ರಿಟೈರ್ಡ್_ಹೆಡ್ಡು · 11:01

ನಾ ನೋಡೀನಿ. ಹೇಳಂಗಿಲ್ಲ.